ಬಿರುಗಾಳಿಯ ಹಣದ ಬೀಗದ ಕೈ ಯಾರ ಬಳಿ? ಸೆನೆಟರ್ ಥಾಡ್ ಕಾಕ್ರನ್ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹ್ಯೂಸ್ಟನ್ ಹೊರವಲಯದಲ್ಲಿ ನೆಲೆಸಿರುವ ಕನ್ನಡಿಗ ನಾನು. 2017ರ ಹಾರ್ವೆ ಚಂಡಮಾರುತದಲ್ಲಿ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಆಗ ನ್ಯೂಜೆರ್ಸಿಯ ಸಹೋದ್ಯೋಗಿಯೊಬ್ಬರು ‘ನಮಗೆ ಸ್ಯಾಂಡಿ ಚಂಡಮಾರುತ ಬಡಿದಾಗ ನಿಮ್ಮ ಸೆನೆಟರ್‌ಗಳು ಪರಿಹಾರಕ್ಕೆ ವಿರುದ್ಧವಾಗಿ ಮತ ಹಾಕಿದ್ದರು’ ಎಂದು ಚುಚ್ಚಿದರು. ಅವರದೇ ರಿಪಬ್ಲಿಕನ್ ಪಕ್ಷದ ಥಾಡ್ ಕಾಕ್ರನ್ ಎಂಬ ಹಿರಿಯ ಸೆನೆಟರ್ ಮಾತ್ರ ಪರಿಹಾರದ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿದ್ದರಂತೆ. ಅವರ ನಿಲುವು ನಿಜವಾಗಿ ಏನಿತ್ತು? ಈ ದೇಶದಲ್ಲಿ ವಿಪತ್ತು ಪರಿಹಾರ ಎಂಬುದು ನಾಗರಿಕನ ಹಕ್ಕೋ, ಸೆನೆಟರ್ ಮಹಾಶಯರ ಕೃಪೆಯೋ?

ಉತ್ತರ: ಕಾಕ್ರನ್ ಅವರ ನಿಲುವನ್ನು ಅವರ ಭಾಷಣಗಳಲ್ಲಿ ಹುಡುಕಲು ಹೊರಟರೆ ಬರಿಗೈಯಲ್ಲಿ ವಾಪಸು ಬರುತ್ತೀರಿ. ಮಾತು ಕಡಿಮೆ, ಟಿ.ವಿ. ಕ್ಯಾಮೆರಾದ ಮುಂದೆ ನಿಲ್ಲುವುದು ಅದಕ್ಕಿಂತಲೂ ಕಡಿಮೆ. 2006ರಲ್ಲಿ ‘ಟೈಮ್’ ಪತ್ರಿಕೆ ದೇಶದ ಹತ್ತು ಅತ್ಯುತ್ತಮ ಸೆನೆಟರ್‌ಗಳನ್ನು ಆರಿಸಿದಾಗ ಅವರಿಗೆ ಕೊಟ್ಟ ಬಿರುದು ‘ಸದ್ದಿಲ್ಲದೆ ಮನವೊಲಿಸುವವರು’ ಎಂಬ ಅರ್ಥದ್ದು. ಅವರ ಅಭಿಪ್ರಾಯಗಳೆಲ್ಲ ಮಸೂದೆಗಳ ಒಳಪುಟಗಳಲ್ಲಿ, ಅಂಕಿಗಳ ರೂಪದಲ್ಲಿವೆ. ಯಾವ ಇಲಾಖೆಗೆ ಎಷ್ಟು, ಯಾವ ಷರತ್ತು ಸಡಿಲ, ಯಾರಿಗೆ ಮಿತಿ ಎಂಬ ಸಾಲುಗಳನ್ನು ಓದಿದರೆ ಮನುಷ್ಯ ಏನು ನಂಬಿದ್ದರು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಅವರ ಪರಿಚಯ. 1937ರಲ್ಲಿ ಮಿಸಿಸಿಪ್ಪಿಯ ಪಾಂಟಟಾಕ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ನೌಕಾಪಡೆಯಲ್ಲಿದ್ದರು, ಕಾನೂನು ಓದಿದರು. 1973ರಿಂದ ಕೆಳಮನೆಯಲ್ಲಿ, 1978ರ ಕೊನೆಯಿಂದ 2018ರ ಏಪ್ರಿಲ್ 1ರವರೆಗೆ ಸೆನೆಟ್‌ನಲ್ಲಿ: ಹೆಚ್ಚುಕಡಿಮೆ ನಲವತ್ತು ವರ್ಷ. ಅಂತರ್ಯುದ್ಧದ ನಂತರದ ಪುನರ್ನಿರ್ಮಾಣ ಕಾಲವನ್ನು ಬಿಟ್ಟರೆ ಮಿಸಿಸಿಪ್ಪಿಯಿಂದ ಸೆನೆಟ್‌ಗೆ ಹೋದ ಮೊದಲ ರಿಪಬ್ಲಿಕನ್ ಅವರೇ. ಆ ಮೊದಲ ಗೆಲುವಿನಲ್ಲಿ ಅವರಿಗೆ ಅರ್ಧದಷ್ಟು ಮತವೂ ಬಂದಿರಲಿಲ್ಲ. ಕಪ್ಪು ಜನಾಂಗದ ನಾಯಕ ಚಾರ್ಲ್ಸ್ ಎವರ್ಸ್ ಪಕ್ಷೇತರರಾಗಿ ನಿಂತು ಡೆಮಾಕ್ರಟಿಕ್ ಮತಗಳನ್ನು ಒಡೆದಿದ್ದರಿಂದ ಕಾಕ್ರನ್‌ಗೆ ದಾರಿ ಸುಗಮವಾಯಿತು. ಈ ಸಂಗತಿ ನೆನಪಿರಲಿ, 2014ರ ಕಥೆಗೆ ಬೇಕಾಗುತ್ತದೆ.

ಮಿಸಿಸಿಪ್ಪಿಯ ರಾಜಕಾರಣಿಗೆ ನೀರು ಎಂಬುದು ಸೈದ್ಧಾಂತಿಕ ವಿಷಯವಲ್ಲ. 1927ರ ಮಹಾಪ್ರವಾಹದಲ್ಲಿ ಮಿಸಿಸಿಪ್ಪಿ ನದಿ ಸುಮಾರು 27,000 ಚದರ ಮೈಲಿ ನೆಲವನ್ನು ಮುಳುಗಿಸಿದಾಗ ಸಂತ್ರಸ್ತರಿಗೆ ಊಟ, ಡೇರೆ ಕೊಟ್ಟದ್ದು ಮುಖ್ಯವಾಗಿ ರೆಡ್ ಕ್ರಾಸ್. ಅಧ್ಯಕ್ಷ ಕೂಲಿಡ್ಜ್ ಆ ಕಡೆ ತಲೆ ಹಾಕಲೂ ಒಪ್ಪಲಿಲ್ಲ. ಅದಕ್ಕೂ ನಲವತ್ತು ವರ್ಷ ಹಿಂದೆ, 1887ರಲ್ಲಿ, ನಿಮ್ಮ ಟೆಕ್ಸಾಸ್‌ನ ಬರಪೀಡಿತ ರೈತರಿಗೆ ಬಿತ್ತನೆ ಬೀಜ ಕೊಳ್ಳಲು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕೇವಲ 10,000 ಡಾಲರ್ ಮಂಜೂರು ಮಾಡಿದ್ದನ್ನು ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ತಿರಸ್ಕರಿಸಿದ್ದರು. ಜನ ಸರ್ಕಾರವನ್ನು ಸಾಕಬೇಕು, ಸರ್ಕಾರ ಜನರನ್ನು ಸಾಕಬಾರದು ಎಂಬುದು ಅವರ ವಾದದ ಸಾರ. ಹತ್ತು ಸಾವಿರ ಡಾಲರ್ ಬೀಜಕ್ಕೆ ಇಷ್ಟು ದೊಡ್ಡ ತತ್ವ!

ಈ ಹಳೆಯ ವಾದ ಅಮೆರಿಕದಲ್ಲಿ ಸತ್ತಿಲ್ಲ, ವೇಷ ಬದಲಿಸಿದೆ ಅಷ್ಟೆ. ಕೊಡಬೇಡಿ ಎಂದು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಡಿ, ಆದರೆ ಅಷ್ಟೇ ಹಣವನ್ನು ಬೇರೆ ಯಾವುದಾದರೂ ಬಾಬಿನಿಂದ ಕಡಿತಗೊಳಿಸಿ ಸರಿದೂಗಿಸಿ ಎನ್ನುತ್ತಾರೆ. ಕೇಳಲು ಗೃಹಿಣಿಯ ಲೆಕ್ಕದಷ್ಟು ಸಹಜವಾಗಿದೆ. ಆದರೆ ಯಾವ ಬಾಬಿನಿಂದ ಕಡಿಯಬೇಕು ಎಂಬ ಜಗಳ ಮುಗಿಯುವ ಹೊತ್ತಿಗೆ ಮನೆ ಕಳೆದುಕೊಂಡವನು ಇನ್ನೊಂದು ಮಳೆಗಾಲ ನೋಡಿರುತ್ತಾನೆ. ಕಾಕ್ರನ್ ಈ ವಾದಕ್ಕೆ ತಮ್ಮ ಪಕ್ಷದೊಳಗಿದ್ದುಕೊಂಡೇ ಬೆನ್ನು ತಿರುಗಿಸಿದರು. ಅವರನ್ನು ಅಧ್ಯಯನಕ್ಕೆ ಯೋಗ್ಯರನ್ನಾಗಿಸುವುದು ಇದೇ.

ಇನ್ನು ಕತ್ರೀನಾ ಚಂಡಮಾರುತ. 2005ರ ಆಗಸ್ಟ್ 29. ಜಗತ್ತಿನ ಕಣ್ಣೆಲ್ಲ ನ್ಯೂ ಆರ್ಲಿಯನ್ಸ್‌ನ ಒಡೆದ ಒಡ್ಡುಗಳ ಮೇಲಿತ್ತು, ಅದು ನ್ಯಾಯವೇ. ಆದರೆ ಪಕ್ಕದ ಮಿಸಿಸಿಪ್ಪಿ ಕರಾವಳಿಯಲ್ಲಿ ಆದದ್ದು ಇನ್ನೊಂದು ಬಗೆಯ ನಾಶ. ಪಾಸ್ ಕ್ರಿಶ್ಚಿಯನ್ ಬಳಿ ಸಮುದ್ರ ಸುಮಾರು 28 ಅಡಿ ಮೇಲೆದ್ದು ಬಂತು. ವೇವ್‌ಲೆಂಡ್, ಬೇ ಸೇಂಟ್ ಲೂಯಿ, ಗಲ್ಫ್‌ಪೋರ್ಟ್, ಬಿಲಾಕ್ಸಿ ಊರುಗಳ ಕಡಲಂಚಿನಲ್ಲಿ ಮನೆಗಳು ಬಿದ್ದಿರಲಿಲ್ಲ, ಮಾಯವಾಗಿದ್ದವು. ಮೆಟ್ಟಿಲುಗಳಷ್ಟೇ ಎಲ್ಲಿಗೂ ಹತ್ತದೆ ನಿಂತಿದ್ದವು. 1969ರ ಕಮಿಲ್ ಚಂಡಮಾರುತವನ್ನು ತಡೆದುಕೊಂಡ ಮನೆ ಇದನ್ನೂ ತಡೆಯುತ್ತದೆ ಎಂದು ನಂಬಿ ಉಳಿದವರು ಹಲವರು. ಕಮಿಲ್ 1969ಕ್ಕಿಂತ 2005ರಲ್ಲಿ ಹೆಚ್ಚು ಜನರನ್ನು ಕೊಂದಿತು ಎಂದು ಅಲ್ಲಿನವರು ಹೇಳುವುದು ಅದಕ್ಕೇ. ಕಾಕ್ರನ್ ಜೊತೆಗಾರ ಸೆನೆಟರ್ ಟ್ರೆಂಟ್ ಲಾಟ್ ಅವರ ಪ್ಯಾಸ್ಕಗೂಲದ ಮನೆಯೂ ಉಳಿಯಲಿಲ್ಲ.

ಅಮೆರಿಕದಲ್ಲಿ ಸಾಮಾನ್ಯ ಗೃಹವಿಮೆ ಗಾಳಿಯ ಹಾನಿಗೆ ಹಣ ಕೊಡುತ್ತದೆ, ಪ್ರವಾಹದ ಹಾನಿಗೆ ಕೊಡುವುದಿಲ್ಲ. ಪ್ರವಾಹಕ್ಕೆ 1968ರಲ್ಲಿ ಆರಂಭವಾದ ಸರ್ಕಾರಿ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕು. ಸರ್ಕಾರದ ನಕ್ಷೆಯಲ್ಲಿ ಪ್ರವಾಹ ವಲಯದ ಹೊರಗಿದ್ದ ಸಾವಿರಾರು ಮನೆಯವರು ಅದನ್ನು ಕೊಂಡಿರಲಿಲ್ಲ, ಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಮುದ್ರವೇನೂ ಆ ನಕ್ಷೆ ನೋಡಿಕೊಂಡು ಬರಲಿಲ್ಲ. ಮನೆಯನ್ನು ಗಾಳಿ ಕೆಡವಿತೋ ನೀರು ಕೆಡವಿತೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆಯಿತು. ಇತ್ತ, ವಿಪತ್ತು ನಿರ್ವಹಣೆಯ ಕೇಂದ್ರ ಸಂಸ್ಥೆ ಫೆಮಾ ಒಂದು ಕುಟುಂಬಕ್ಕೆ ಕೊಡಬಹುದಾದ ನೇರ ನೆರವಿನ ಗರಿಷ್ಠ ಮಿತಿ ಆಗ 26,200 ಡಾಲರ್. ಅದರಲ್ಲಿ ಮನೆ ಕಟ್ಟಲಾಗದು.

ವಿಧಿಯ ಆಟ ನೋಡಿ: ಅದೇ ವರ್ಷದ ಜನವರಿಯಲ್ಲಿ ಕಾಕ್ರನ್ ಸೆನೆಟ್‌ನ ಧನವಿನಿಯೋಗ ಸಮಿತಿಯ ಅಧ್ಯಕ್ಷರಾಗಿದ್ದರು. ಸಂಯುಕ್ತ ಸರ್ಕಾರ ಕಾಂಗ್ರೆಸ್‌ನ ಮಂಜೂರಾತಿ ಪಡೆದು ಖರ್ಚು ಮಾಡುವ ಪ್ರತಿ ಡಾಲರೂ ಹಾದುಹೋಗಬೇಕಾದ ಬಾಗಿಲು ಅದು. ಅಲಾಸ್ಕದ ಟೆಡ್ ಸ್ಟೀವನ್ಸ್ ಪಕ್ಷದ ಅವಧಿ ಮಿತಿಯಿಂದಾಗಿ ಕುರ್ಚಿ ಬಿಟ್ಟರು, ಹಿರಿತನದ ಸಾಲಿನಲ್ಲಿ ಮುಂದಿದ್ದ ಕಾಕ್ರನ್ ಕೂತರು. ಎಂಟು ತಿಂಗಳ ನಂತರ ಅವರ ರಾಜ್ಯದ ಮೇಲೆ ಅಮೆರಿಕದ ಚರಿತ್ರೆಯ ಅತಿ ದುಬಾರಿ ಚಂಡಮಾರುತಗಳಲ್ಲೊಂದು ಎರಗಿತು.

ಮೊದಲ ಕಂತು ಬೇಗ ಬಂತು. ಸೆಪ್ಟೆಂಬರ್ ಮೊದಲ ಹತ್ತು ದಿನಗಳಲ್ಲೇ ಕಾಂಗ್ರೆಸ್ ಎರಡು ಮಸೂದೆಗಳಲ್ಲಿ ಸುಮಾರು 6,230 ಕೋಟಿ ಡಾಲರ್ ಕೊಟ್ಟಿತು, ಬಹುಪಾಲು ಫೆಮಾಕ್ಕೆ. ತುರ್ತಿನ ಹಣ ಕೊಡಲು ಯಾರಿಗೂ ಕಷ್ಟವಿಲ್ಲ, ಟಿ.ವಿ.ಯಲ್ಲಿ ಛಾವಣಿಯ ಮೇಲೆ ಕುಳಿತ ಜನ ಕಾಣುತ್ತಿರುತ್ತಾರೆ. ಆದರೆ ಅದೇ ಸೆಪ್ಟೆಂಬರ್‌ನಲ್ಲಿ ಕೆಳಮನೆಯ ಸಂಪ್ರದಾಯವಾದಿ ರಿಪಬ್ಲಿಕನ್ನರ ಗುಂಪಾದ ‘ರಿಪಬ್ಲಿಕನ್ ಅಧ್ಯಯನ ಸಮಿತಿ’, ಮೈಕ್ ಪೆನ್ಸ್ ಅವರ ನೇತೃತ್ವದಲ್ಲಿ, ಕತ್ರೀನಾ ಖರ್ಚಿಗೆ ಬದಲಾಗಿ ಎಲ್ಲೆಲ್ಲಿ ಕಡಿತ ಮಾಡಬಹುದು ಎಂಬ ಪಟ್ಟಿ ಹೊರಡಿಸಿತು. ಅಕ್ಟೋಬರ್ ಹೊತ್ತಿಗೆ ಶ್ವೇತಭವನ ಕೇಳಿದ್ದು ಹೊಸ ಹಣವನ್ನಲ್ಲ. ಈಗಾಗಲೇ ಫೆಮಾಕ್ಕೆ ಕೊಟ್ಟು ಖರ್ಚಾಗದೆ ಉಳಿದದ್ದರಲ್ಲಿ ಸುಮಾರು 1,700 ಕೋಟಿ ಡಾಲರನ್ನು ಬೇರೆ ಇಲಾಖೆಗಳಿಗೆ ವರ್ಗಾಯಿಸಿ ಎಂದಷ್ಟೇ.

ಕಾಕ್ರನ್ ಭಾಷಣ ಮಾಡಲಿಲ್ಲ. ಸುಮಾರು 3,500 ಕೋಟಿ ಡಾಲರ್‌ನ ಪ್ರತಿ ಪ್ರಸ್ತಾವ ಮುಂದಿಟ್ಟರು. ಚೌಕಾಸಿ ಡಿಸೆಂಬರ್‌ವರೆಗೆ ನಡೆದು 2,900 ಕೋಟಿಗೆ ನಿಂತಿತು. ಆ ಹಣ ಪ್ರಯಾಣಿಸಿದ ವಾಹನ ಯಾವುದು ಗೊತ್ತೇ? ರಕ್ಷಣಾ ಇಲಾಖೆಯ ವಾರ್ಷಿಕ ಧನವಿನಿಯೋಗ ಮಸೂದೆ. ಇರಾಕ್ ಯುದ್ಧದ ನಡುವೆ ಸೈನಿಕರ ಸಂಬಳದ ಮಸೂದೆಯನ್ನು ಯಾರು ತಾನೇ ತಡೆದಾರು? ಅದೇ ಬಂಡಿಗೆ ಟೆಡ್ ಸ್ಟೀವನ್ಸ್ ಅಲಾಸ್ಕದ ವನ್ಯಧಾಮದಲ್ಲಿ ತೈಲ ತೆಗೆಯುವ ಅನುಮತಿಯನ್ನೂ ಕಟ್ಟಲು ನೋಡಿದರು, ಅದು ಮಾತ್ರ ಕಳಚಿಬಿತ್ತು. ಬಿರುಗಾಳಿ ಸಂತ್ರಸ್ತರ ಮನೆ, ಸೈನಿಕರ ಸಂಬಳ, ಹಿಮಸಾರಂಗಗಳ ನೆಲದ ತೈಲ, ಎಲ್ಲ ಒಂದೇ ಮಸೂದೆಯಲ್ಲಿ! ಹೊರಗಿನವರಿಗೆ ಇದು ಸಂತೆಯಂತೆ ಕಾಣುತ್ತದೆ. ಅಮೆರಿಕದ ಶಾಸಕಾಂಗ ಕೆಲಸ ಮಾಡುವುದೇ ಹೀಗೆ, ಕಾಕ್ರನ್‌ಗೆ ಈ ಸಂತೆಯ ಪ್ರತಿಯೊಂದು ಗಲ್ಲಿಯೂ ಗೊತ್ತಿತ್ತು.

ಆ 2,900 ಕೋಟಿಯ ಒಳಗೆ ನಿಜವಾದ ನೀತಿ ಅಡಗಿದೆ. ಅದರಲ್ಲಿ 1,150 ಕೋಟಿ ಡಾಲರ್ ಫೆಮಾಕ್ಕೆ ಹೋಗಲಿಲ್ಲ, ಸಮುದಾಯ ಅಭಿವೃದ್ಧಿ ಅನುದಾನವಾಗಿ ನೇರವಾಗಿ ರಾಜ್ಯಗಳ ಕೈಗೆ ಹೋಯಿತು. ಫೆಮಾದ ಹಣ ಮುರಿದದ್ದನ್ನು ರಿಪೇರಿ ಮಾಡಲು, ಕಡತಕ್ಕೆ ಕಡತ ಜೋಡಿಸಿ ಕೊಡುವಂಥದ್ದು. ಅನುದಾನದ ಹಣದಲ್ಲಿ ಮನೆ, ರಸ್ತೆ, ಉದ್ಯೋಗ, ಒಳಚರಂಡಿ, ಏನು ಬೇಕು ಎಂಬುದನ್ನು ರಾಜ್ಯವೇ ತೀರ್ಮಾನಿಸಬಹುದು. ಕೇಂದ್ರ ಹಣ ಕೊಡಲಿ, ಆದೇಶ ಕೊಡದಿರಲಿ ಎಂಬುದು ದಕ್ಷಿಣದ ಸಂಪ್ರದಾಯವಾದಿಗಳ ಹಳೆಯ ಬಯಕೆ. ಕಾಕ್ರನ್ ಅದನ್ನು ಪರಿಹಾರದ ಕಾಯಂ ಮಾದರಿಯಾಗುವಷ್ಟು ದೊಡ್ಡದಾಗಿ ಮಾಡಿ ತೋರಿಸಿದರು. ಆಮೇಲಿನ ಪ್ರತಿ ದೊಡ್ಡ ವಿಪತ್ತಿನಲ್ಲೂ, ನಿಮ್ಮ ಹಾರ್ವೆಯಲ್ಲೂ, ಪುನರ್ನಿರ್ಮಾಣದ ದೊಡ್ಡ ಗಂಟು ಬಂದದ್ದು ಈ ದಾರಿಯಲ್ಲೇ. ಮಿಸಿಸಿಪ್ಪಿ ತನ್ನ ಪಾಲಿನಿಂದ ಪ್ರವಾಹ ವಲಯದ ಹೊರಗಿದ್ದೂ ಮುಳುಗಿದ ಮನೆಯವರಿಗೆ 1,50,000 ಡಾಲರ್‌ವರೆಗೆ ಕೊಟ್ಟಿತು. ಫೆಮಾದ ಮಿತಿಯ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿ.

ಇನ್ನು ಅವರ ಲೆಕ್ಕದ ಕಪ್ಪು ಬದಿ. ಇದನ್ನು ಹೇಳದೆ ಬಿಟ್ಟರೆ ನಾನು ಶ್ರದ್ಧಾಂಜಲಿ ಬರೆದಂತಾಗುತ್ತದೆ, ಉತ್ತರ ಕೊಟ್ಟಂತಾಗುವುದಿಲ್ಲ.

ಆ ಕಾನೂನಿನಲ್ಲಿ ಒಂದು ಸಾಲಿತ್ತು: ಯಾವ ರಾಜ್ಯಕ್ಕೂ ಅನುದಾನದ ಶೇ 54ಕ್ಕಿಂತ ಹೆಚ್ಚು ಸಲ್ಲಬಾರದು. ನೋಡಲು ಮುಗ್ಧ ವಾಕ್ಯ. ಆದರೆ ಹಾಳಾದ ಮನೆಗಳ ಬಹುಪಾಲು ಇದ್ದದ್ದು ಲೂಸಿಯಾನದಲ್ಲಿ, ಶೇ 54ರ ಬೇಲಿ ಹಾಕಿದ್ದು ಆ ರಾಜ್ಯಕ್ಕೆ. ಫಲವಾಗಿ ಲೂಸಿಯಾನಕ್ಕೆ ಸುಮಾರು 620 ಕೋಟಿ, ಮಿಸಿಸಿಪ್ಪಿಗೆ 500 ಕೋಟಿಗೂ ಸ್ವಲ್ಪ ಮಿಗಿಲು. ಹಾನಿಯ ತಕ್ಕಡಿಯಲ್ಲಿ ತೂಗಿದರೆ ಈ ಹಂಚಿಕೆ ನಿಲ್ಲದು. 2006ರ ಜೂನ್‌ನಲ್ಲಿ ಲೂಸಿಯಾನಕ್ಕೆ ಇನ್ನೂ 420 ಕೋಟಿ ಕೊಟ್ಟು ಸರಿಪಡಿಸಬೇಕಾಯಿತು. ಆ ನಡುವಿನ ಆರು ತಿಂಗಳು ನ್ಯೂ ಆರ್ಲಿಯನ್ಸ್‌ನ ಜನ ಕಾದದ್ದಕ್ಕೆ ಒಂದು ಕಾರಣ ಧನವಿನಿಯೋಗ ಸಮಿತಿಯ ಕುರ್ಚಿ ಪಕ್ಕದ ರಾಜ್ಯದವರದಾಗಿತ್ತು ಎಂಬುದು.

ಎರಡನೆಯದು, ಬಡವರ ಪಾಲು. ಈ ಅನುದಾನದ ಮೂಲ ನಿಯಮದಂತೆ ಶೇ 70ರಷ್ಟು ಹಣ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಉಪಯೋಗವಾಗಬೇಕು. 2005ರ ಕಾನೂನು ಅದನ್ನು ಶೇ 50ಕ್ಕೆ ಇಳಿಸಿ, ಅದರಿಂದಲೂ ವಿನಾಯಿತಿ ಕೇಳಲು ಕಿಂಡಿ ಇಟ್ಟಿತು. ಗವರ್ನರ್ ಹೇಲಿ ಬಾರ್ಬರ್ ಅವರ ಮಿಸಿಸಿಪ್ಪಿ ಆ ಕಿಂಡಿಯನ್ನು ಚೆನ್ನಾಗಿಯೇ ಬಳಸಿಕೊಂಡಿತು. ಮೊದಲ ಸುತ್ತಿನ ನೆರವು ಸಾಮಾನ್ಯ ಗೃಹವಿಮೆ ಇದ್ದ ಮನೆ ಮಾಲೀಕರಿಗೆ. ಬಾಡಿಗೆದಾರರು ಸಾಲಿನ ಕೊನೆಯಲ್ಲಿ. 2008ರಲ್ಲಿ ವಸತಿಗೆಂದು ಬಂದಿದ್ದ ಹಣದಲ್ಲಿ 57 ಕೋಟಿ ಡಾಲರನ್ನು ಗಲ್ಫ್‌ಪೋರ್ಟ್ ಬಂದರಿನ ವಿಸ್ತರಣೆಗೆ ತಿರುಗಿಸಲು ರಾಜ್ಯಕ್ಕೆ ಒಪ್ಪಿಗೆ ಸಿಕ್ಕಿತು. ವಸತಿ ಹಕ್ಕುಗಳ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2010ರ ನವೆಂಬರ್‌ನಲ್ಲಿ ರಾಜಿಯಾಗಿ ಸುಮಾರು 13 ಕೋಟಿ ಡಾಲರ್ ಮತ್ತೆ ಬಡವರ ಮನೆಗಳಿಗೆ ಮರಳಿತು. ಬಂದರಿನ ತೀರ್ಮಾನ ಕಾಕ್ರನ್ ಅವರದಲ್ಲ, ರಾಜ್ಯ ಸರ್ಕಾರದ್ದು. ಆದರೆ ಷರತ್ತಿಲ್ಲದೆ ಹಣ ಕೊಡಿ ಎಂಬ ತತ್ವದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರನೆಯದು ಹೆಚ್ಚು ಸದ್ದು ಮಾಡಿದ್ದು. 2006ರ ವಸಂತದಲ್ಲಿ ಕಾಕ್ರನ್ ಮತ್ತು ಲಾಟ್ ಸೇರಿ ಕರಾವಳಿಯ ರೈಲು ಹಳಿಯನ್ನು ಒಳನಾಡಿಗೆ ಸರಿಸಲು 70 ಕೋಟಿ ಡಾಲರ್ ಬೇಕೆಂದರು. ಆ ಹಳಿ ಕತ್ರೀನಾದಲ್ಲಿ ಹಾಳಾಗಿತ್ತು ನಿಜ, ಆದರೆ ಅಷ್ಟರಲ್ಲಿ ರೈಲು ಕಂಪನಿ ಕೋಟ್ಯಂತರ ಡಾಲರ್ ಸುರಿದು ಅದನ್ನು ರಿಪೇರಿ ಮಾಡಿ ಮುಗಿಸಿತ್ತು. ಒಕ್ಲಹೋಮಾದ ಸೆನೆಟರ್ ಟಾಮ್ ಕೋಬರ್ನ್ ಸದನದಲ್ಲೇ ಇದನ್ನು ಹಿಡಿದು ಝಾಡಿಸಿದರು. ಟೀಕಾಕಾರರು ‘ಎಲ್ಲಿಗೂ ಹೋಗದ ರೈಲು’ ಎಂದು ಹೆಸರಿಟ್ಟರು. ಸೆನೆಟ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಉಳಿದ ಆ ಬಾಬು, ಎರಡೂ ಮನೆಗಳ ಜಂಟಿ ಮಾತುಕತೆಯಲ್ಲಿ ಬಿದ್ದುಹೋಯಿತು. ಹಳಿ ಸರಿಸುವುದರಲ್ಲಿ ಅರ್ಥವೇ ಇರಲಿಲ್ಲ ಎಂದು ನಾನು ಹೇಳಲಾರೆ. ಮುಂದಿನ ಚಂಡಮಾರುತಕ್ಕೆ ಸಿಗದಂತೆ ಕಟ್ಟುವುದು ಜಾಣತನವೇ. ಆದರೆ ತುರ್ತು ಪರಿಹಾರ ಎಂಬ ಹಣೆಪಟ್ಟಿ ಅಂಟಿಸಿ ಹಳೆಯ ಕನಸೊಂದನ್ನು ಒಳಗೆ ತಳ್ಳಿದಾಗ, ನಾಳೆ ನಿಜವಾದ ಪರಿಹಾರ ಕೇಳುವವನ ಮಾತಿನ ಬೆಲೆ ಇಳಿಯುತ್ತದೆ. ನಿಮ್ಮ ನ್ಯೂಜೆರ್ಸಿ ಮಿತ್ರರಿಗೆ ಏಳು ವರ್ಷಗಳ ನಂತರ ಸಿಕ್ಕ ಏಟಿನ ಮೂಲ ಸ್ವಲ್ಪ ಮಟ್ಟಿಗೆ ಇಲ್ಲಿದೆ.

ಸ್ಯಾಂಡಿ 2012ರ ಅಕ್ಟೋಬರ್ 29ರಂದು ನ್ಯೂಜೆರ್ಸಿ ಕರಾವಳಿಗೆ ಅಪ್ಪಳಿಸಿತು. ಕತ್ರೀನಾಕ್ಕೆ ಹತ್ತೇ ದಿನಗಳಲ್ಲಿ ಬಂದ ಹಣ ಸ್ಯಾಂಡಿಗೆ ಬರಲು ಮೂರು ತಿಂಗಳು ಹಿಡಿಯಿತು. ಕೆಳಮನೆಯಲ್ಲಿ ರಿಪಬ್ಲಿಕನ್ ಸದಸ್ಯ ಮಿಕ್ ಮುಲ್ವೇನಿ, ಪರಿಹಾರಕ್ಕೆ ಪ್ರತಿಯಾಗಿ ಎಲ್ಲ ಇಲಾಖೆಗಳಲ್ಲೂ ಕಡಿತ ಮಾಡಬೇಕೆಂಬ ತಿದ್ದುಪಡಿ ತಂದರು, ಸೋತರು. 2013ರ ಜನವರಿ 28ರಂದು ಸೆನೆಟ್ 5,050 ಕೋಟಿ ಡಾಲರ್‌ನ ಮಸೂದೆಯನ್ನು 62-36 ಮತಗಳಿಂದ ಅಂಗೀಕರಿಸಿತು. ವಿರುದ್ಧ ಮತ ಹಾಕಿದವರಲ್ಲಿ ಟೆಕ್ಸಾಸ್‌ನ ಟೆಡ್ ಕ್ರೂಜ್ ಮತ್ತು ಜಾನ್ ಕಾರ್ನಿನ್ ಇಬ್ಬರೂ ಇದ್ದರು. ಮಸೂದೆಯಲ್ಲಿ ಸ್ಯಾಂಡಿಗೆ ಸಂಬಂಧವಿಲ್ಲದ ಖರ್ಚು ತುಂಬಿದೆ ಎಂಬುದು ಕ್ರೂಜ್ ಕೊಟ್ಟ ಕಾರಣ. ಹಾಗಾಗಿ ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ಪರವಾಗಿ ಮತ ಹಾಕಿದ ಬೆರಳೆಣಿಕೆಯ ರಿಪಬ್ಲಿಕನ್ನರಲ್ಲಿ ಕಾಕ್ರನ್ ಇದ್ದರು. ಯಾರ ರಾಜ್ಯ ಮುಳುಗಿದರೂ ಕೊಡಬೇಕು, ನಾಳೆ ನಮ್ಮದೂ ಮುಳುಗುತ್ತದೆ. ಇದು ಉದಾರತೆಯೋ ವ್ಯವಹಾರವೋ ಎಂದು ಕೇಳಿದರೆ ಎರಡೂ ಎನ್ನುತ್ತೇನೆ. ಹಳ್ಳಿಗಳ ಮುಯ್ಯಿ ಪದ್ಧತಿ ಇದ್ದಂತೆ: ಇವತ್ತು ನಿಮ್ಮ ಮನೆಯ ಮದುವೆಗೆ ಬರೆಸಿದ್ದು ನಾಳೆ ನಮ್ಮ ಮನೆಗೆ ವಾಪಸಾಗಬೇಕು. ಲೆಕ್ಕ ಬರೆದಿಡುವ ಪುಸ್ತಕ ಇರುವವರೆಗೆ ಈ ಪದ್ಧತಿ ಚೆನ್ನಾಗಿಯೇ ನಡೆಯುತ್ತದೆ.

ಆ ಪುಸ್ತಕವನ್ನೇ ಸುಡಬೇಕು ಎಂದವರು ಟೀ ಪಾರ್ಟಿಯವರು, ಅಂದರೆ ಸರ್ಕಾರದ ಖರ್ಚಿಗೆ ಕಡಿವಾಣ ಬೇಕೆಂದು ರಿಪಬ್ಲಿಕನ್ ಪಕ್ಷದೊಳಗೇ ಎದ್ದ ಚಳವಳಿಯವರು. 2014ರಲ್ಲಿ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ರಾಜ್ಯದ ಶಾಸಕ ಕ್ರಿಸ್ ಮೆಕ್‌ಡೇನಿಯಲ್ ಕಾಕ್ರನ್‌ಗೆ ಎದುರಾದರು. ಕತ್ರೀನಾ ಪರಿಹಾರಕ್ಕೆ ನೀವಿದ್ದರೆ ಮತ ಹಾಕುತ್ತಿದ್ದಿರಾ ಎಂದು ಪತ್ರಕರ್ತರು ಕೇಳಿದಾಗ ಮೆಕ್‌ಡೇನಿಯಲ್ ತಡವರಿಸಿದರು, ಅದು ಸುಲಭದ ಮತವಲ್ಲ ಎಂಬ ಧಾಟಿಯಲ್ಲಿ ಉತ್ತರಿಸಿದರು. ಗಲ್ಫ್‌ಪೋರ್ಟ್‌ನ ಮೆಟ್ಟಿಲುಗಳನ್ನು ನೋಡಿದವರ ಮುಂದೆ ಆಡಬಾರದಿದ್ದ ಮಾತು. ಆದರೂ ಜೂನ್ 3ರ ಮೊದಲ ಸುತ್ತಿನಲ್ಲಿ ಮೆಕ್‌ಡೇನಿಯಲ್ ಕೂದಲಷ್ಟು ಮುಂದಿದ್ದರು. ಯಾರಿಗೂ ಅರ್ಧ ದಾಟದ್ದರಿಂದ ಜೂನ್ 24ಕ್ಕೆ ಎರಡನೇ ಸುತ್ತು. ಆಗ ಕಾಕ್ರನ್ ಬಳಗ ರಿಪಬ್ಲಿಕನ್ ಪ್ರಾಥಮಿಕದಲ್ಲಿ ಎಂದೂ ಮತ ಹಾಕದ ಕಪ್ಪು ಮತದಾರರ ಬಾಗಿಲು ಬಡಿಯಿತು: ಶಾಲೆ, ಆಸ್ಪತ್ರೆ, ಚಂಡಮಾರುತದ ಹಣ ತಂದವರು ಇವರು ಎಂದು. ಮೊದಲ ಸುತ್ತಿಗಿಂತ ಸುಮಾರು ಅರವತ್ತು ಸಾವಿರ ಮತ ಹೆಚ್ಚು ಬಿತ್ತು. ಎಂಟು ಸಾವಿರಕ್ಕೂ ಕಡಿಮೆ ಅಂತರದಲ್ಲಿ ಕಾಕ್ರನ್ ಗೆದ್ದರು. 1978ರಲ್ಲಿ ಕಪ್ಪು ಜನರ ಮತ ಒಡೆದು ಗೆದ್ದವರು, 2014ರಲ್ಲಿ ಅದೇ ಜನರ ಮತ ಸೇರಿ ಉಳಿದುಕೊಂಡರು. ಸೋತವರು ಇದನ್ನು ಮೋಸ ಎಂದು ಕೂಗಾಡಿದರು. ಪರಿಹಾರದ ಹಣಕ್ಕೆ ಜನ ಕೊಟ್ಟ ರಸೀದಿ ಎಂದೇ ನಾನು ಓದುತ್ತೇನೆ, ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ.

ಕೃಷಿ, ಪ್ರವಾಹ ನಿಯಂತ್ರಣದಲ್ಲೂ ಅವರದು ಇದೇ ಧೋರಣೆ. ಹತ್ತಿ, ಭತ್ತದ ದೊಡ್ಡ ಬೆಳೆಗಾರರ ಸಹಾಯಧನಕ್ಕೆ ಮಿತಿ ಹಾಕಲು ಅಯೋವದ ಚಕ್ ಗ್ರಾಸ್ಲಿ ಯತ್ನಿಸಿದಾಗಲೆಲ್ಲ ಅಡ್ಡ ನಿಂತವರಲ್ಲಿ ಕಾಕ್ರನ್ ಪ್ರಮುಖರು. ಮಿಸಿಸಿಪ್ಪಿ ರಾಜ್ಯದ ಯಾಝೂ ನದಿಯ ಹಿನ್ನೀರನ್ನು ಎತ್ತಿ ಹಾಕುವ ಬೃಹತ್ ಪಂಪುಗಳಿಗಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಜೌಗು ನೆಲಗಳು ನಾಶವಾಗುತ್ತವೆ ಎಂದು 2008ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ತಡೆಯಿತು. 2019ರಲ್ಲಿ ಅದೇ ಹಿನ್ನೀರು ಐದು ಲಕ್ಷಕ್ಕೂ ಹೆಚ್ಚು ಎಕರೆಯನ್ನು ತಿಂಗಳುಗಟ್ಟಲೆ ಮುಳುಗಿಸಿತು. ಆ ವರ್ಷವೇ ಮೇ 30ರಂದು ಕಾಕ್ರನ್ ತೀರಿಕೊಂಡರು.

ಈಗ ಹಾರ್ವೆಗೆ ಬರೋಣ. ಹ್ಯೂಸ್ಟನ್‌ನ ಪೂರ್ವಕ್ಕೆ ಕೆಲವೆಡೆ ಅರವತ್ತು ಇಂಚಿನಷ್ಟು ಮಳೆ. ಬೆಂಗಳೂರಿಗೆ ಒಂದೂವರೆ ವರ್ಷದಲ್ಲಿ ಬೀಳುವಷ್ಟು ಕೆಲವೇ ದಿನಗಳಲ್ಲಿ ಸುರಿಯಿತು. ಆಗ ಧನವಿನಿಯೋಗ ಸಮಿತಿಯ ಅಧ್ಯಕ್ಷರು ಮತ್ತೆ ಕಾಕ್ರನ್ ಅವರೇ, 2015ರಲ್ಲಿ ಕುರ್ಚಿ ವಾಪಸು ಸಿಕ್ಕಿತ್ತು. 2017ರ ಸೆಪ್ಟೆಂಬರ್ 7ರಂದು 1,525 ಕೋಟಿ ಡಾಲರ್‌ನ ಮೊದಲ ಕಂತು 80-17 ಮತಗಳಿಂದ ಹೊರಬಿತ್ತು, ಈ ಸಲ ಕ್ರೂಜ್ ಮತ್ತು ಕಾರ್ನಿನ್ ಪರವಾಗಿಯೇ ಇದ್ದರು. ಅಕ್ಟೋಬರ್‌ನಲ್ಲಿ 3,650 ಕೋಟಿ, 2018ರ ಫೆಬ್ರುವರಿಯಲ್ಲಿ ಸುಮಾರು 8,900 ಕೋಟಿ. ಯಾವುದಕ್ಕೂ ಬೇರೆಡೆ ಕಡಿತ ಮಾಡಿ ಸರಿದೂಗಿಸಿ ಎಂಬ ಹಟ ಗೆಲ್ಲಲಿಲ್ಲ. ಅಷ್ಟರಲ್ಲಿ ಕಾಕ್ರನ್ ಅವರ ಆರೋಗ್ಯ ಕುಸಿದಿತ್ತು. ಫೆಬ್ರುವರಿಯ ಕಂತು ಮುಗಿದು ಎರಡು ತಿಂಗಳೊಳಗೆ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಹಾರ್ವೆಯ ಹಣದಲ್ಲಿ ಸಿಂಹಪಾಲು ಅವರೊಬ್ಬರ ಸಾಧನೆ ಎಂದರೆ ತಪ್ಪಾಗುತ್ತದೆ. ಟೆಕ್ಸಾಸ್, ಫ್ಲಾರಿಡಗಳಿಗೆ ತಮ್ಮದೇ ಆದ ದೊಡ್ಡ ದನಿಗಳಿದ್ದವು.

ದನಿ ಇಲ್ಲದವರು ಪೋರ್ಟೊ ರೀಕೊದವರು. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಆ ದ್ವೀಪವನ್ನು ಹಿಂಡಿ ಹಾಕಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಪ್ರಜೆಗಳು ಅಲ್ಲಿದ್ದಾರೆ, ಸೆನೆಟ್‌ನಲ್ಲಿ ಅವರಿಗೆ ಒಬ್ಬ ಸದಸ್ಯನೂ ಇಲ್ಲ. ಕೆಳಮನೆಯಲ್ಲಿ ಒಬ್ಬ ಪ್ರತಿನಿಧಿ ಇದ್ದರೂ ಮಸೂದೆಗಳ ಅಂತಿಮ ಮತದಾನದಲ್ಲಿ ಅವರಿಗೆ ಮತವಿಲ್ಲ. ಅನುದಾನ ಕಾಗದದಲ್ಲಿ ದೊಡ್ಡದೇ ಘೋಷಣೆಯಾಯಿತು, ಆದರೆ ಷರತ್ತುಗಳ ಮೇಲೆ ಷರತ್ತು ಬಿದ್ದು ಅದರ ಬಿಡುಗಡೆ ವರ್ಷಗಟ್ಟಲೆ ಎಳೆಯಿತು. 2005ರಲ್ಲಿ ಮಿಸಿಸಿಪ್ಪಿಗೆ ಸಡಿಲವಾದ ನಿಯಮಗಳೇ ಇಲ್ಲಿ ಬಿಗಿಯಾದವು. ಕಾಕ್ರನ್ ಪದ್ಧತಿಯ ದೋಷವನ್ನು ಅರಿಯಲು ಅವರ ವೈರಿಗಳ ಟೀಕೆ ಬೇಕಿಲ್ಲ, ಈ ಎರಡು ಕರಾವಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಹಾಗಾದರೆ ಹಕ್ಕೋ ಕೃಪೆಯೋ? 1988ರ ಸ್ಟಾಫರ್ಡ್ ಕಾಯ್ದೆಯ ಪ್ರಕಾರ (ಇದೂ ಒಬ್ಬ ರಿಪಬ್ಲಿಕನ್ ಸೆನೆಟರ್, ವರ್ಮಾಂಟ್‌ನ ರಾಬರ್ಟ್ ಸ್ಟಾಫರ್ಡ್ ಅವರ ಹೆಸರಿನದು) ಗವರ್ನರ್ ಕೋರಿ ಅಧ್ಯಕ್ಷರು ವಿಪತ್ತು ಘೋಷಿಸಿದರೆ ಫೆಮಾದ ತುರ್ತು ನೆರವು ಚಾಲೂ ಆಗುತ್ತದೆ. ರಸ್ತೆ, ಸೇತುವೆಯಂಥ ಸಾರ್ವಜನಿಕ ಆಸ್ತಿಯ ದುರಸ್ತಿಯಲ್ಲಿ ಕೇಂದ್ರದ ಪಾಲು ಕನಿಷ್ಠ ಶೇ 75. ಇಷ್ಟರ ಮಟ್ಟಿಗೆ ನಿಯಮ ಇದೆ. ಅದರಾಚೆ ಊರನ್ನು ಮತ್ತೆ ಕಟ್ಟುವ ದೊಡ್ಡ ಹಣಕ್ಕೆ ಕಾಯಂ ಕಾನೂನಿಲ್ಲ. ಪ್ರತಿ ಸಲವೂ ಕಾಂಗ್ರೆಸ್ ಹೊಸದಾಗಿ ಮತ ಹಾಕಬೇಕು. ಅಲ್ಲಿ ಕುರ್ಚಿ ಮಾತಾಡುತ್ತದೆ.

ನಮ್ಮ ಕಡೆಯ ವ್ಯವಸ್ಥೆ ಇದಕ್ಕೆ ತಿರುಗುಮುರುಗು. ಹಣಕಾಸು ಆಯೋಗ ಐದು ವರ್ಷಕ್ಕೆ ಮೊದಲೇ ಸೂತ್ರ ಹಾಕಿಕೊಡುತ್ತದೆ. ಕರ್ನಾಟಕದಂಥ ರಾಜ್ಯದ ವಿಪತ್ತು ನಿಧಿಯಲ್ಲಿ ಕೇಂದ್ರದ ಪಾಲು ಶೇ 75. ಆ ನಿಧಿ ಸಾಲದಾದಾಗ ರಾಷ್ಟ್ರೀಯ ನಿಧಿಯಿಂದ ಕೇಳಬೇಕು, ಅದನ್ನು ತೀರ್ಮಾನಿಸುವುದು ಸಂಸತ್ತಿನ ಸಮಿತಿಯಲ್ಲ, ಕೇಂದ್ರ ಸರ್ಕಾರ. 2023ರ ಬರಕ್ಕೆ ಕರ್ನಾಟಕ 18,171 ಕೋಟಿ ರೂಪಾಯಿ ಕೇಳಿ, ಉತ್ತರ ಬಾರದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಪಡೆದದ್ದು ನಿಮಗೂ ನೆನಪಿರಬಹುದು. ಇಲ್ಲಿ ಕಾಕ್ರನ್‌ನಂಥವರು ಹುಟ್ಟಲು ಜಾಗವೇ ಇಲ್ಲ. ಅದು ಲಾಭವೋ ನಷ್ಟವೋ ಎಂಬುದು ಯಾವ ವರ್ಷ ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತು. ಹಾರ್ವೆಯಲ್ಲಿ ಮನೆ ಮುಳುಗಿದವರಲ್ಲಿ ಬಹಳಷ್ಟು ಮಂದಿಗೆ ಪ್ರವಾಹ ವಿಮೆ ಇರಲಿಲ್ಲ, ಕಾರಣ ಹನ್ನೆರಡು ವರ್ಷ ಹಿಂದೆ ಮಿಸಿಸಿಪ್ಪಿಯವರು ಹೇಳಿದ್ದೇ: ನಮ್ಮ ಮನೆ ನಕ್ಷೆಯ ಹೊರಗಿದೆ. ಸರ್ಕಾರಿ ಪ್ರವಾಹ ವಿಮೆ ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್ ಕೊಡುತ್ತದೆ, ಅದಕ್ಕೆ ಯಾವ ಸಮಿತಿಯ ಮತವೂ ಬೇಕಿಲ್ಲ. ಆದರೆ ಹೊಸದಾಗಿ ಕೊಂಡ ವಿಮೆ ಸಾಮಾನ್ಯವಾಗಿ ಮೂವತ್ತು ದಿನಗಳ ನಂತರವಷ್ಟೇ ಜಾರಿಗೆ ಬರುತ್ತದೆ. ಚಂಡಮಾರುತದ ಋತು ಜೂನ್ 1ಕ್ಕೆ ಶುರು, ಹಾಗಾಗಿ ಏಪ್ರಿಲ್ ಮುಗಿಯುವುದರೊಳಗೆ ನಿಮ್ಮ ಕಾಗದಪತ್ರ ತೆಗೆದು ನೋಡಿ.